ಹಳೆಯ ಕಾರಿಗೆ ಎಂಜಿನ್ ಕಸಿ

ಇಂಗ್ಲೆಂಡಿನ ಊರುಗಳಲ್ಲಿ ಮನೆಗೆ ತಾಗಿಕೊಂಡಂತೆ, ಒಂದೇ ಒಂದು ಕಾರು ಹಿಡಿಸುವಷ್ಟು ಅಗಲದ ಇಟ್ಟಿಗೆಯ ಕೊಠಡಿಗಳು ಸಾಲುಸಾಲಾಗಿ ಕಾಣಸಿಗುತ್ತವೆ. ಅವುಗಳಲ್ಲಿ ಎಷ್ಟೋ ಕೊಠಡಿಗಳಲ್ಲಿ ಕಾರು ನಿಲ್ಲುವುದೇ ಇಲ್ಲ. ಮುರುಕು ಕುರ್ಚಿ, ಬಣ್ಣದ ಡಬ್ಬ, ಹುಲ್ಲು ಕತ್ತರಿಸುವ ಯಂತ್ರಗಳೇ ತುಂಬಿರುತ್ತವೆ. ಇನ್ನು ಕೆಲವು ಕೊಠಡಿಗಳಲ್ಲಿ ನಾಲ್ಕೈದು ದಶಕಗಳಷ್ಟು ಹಳೆಯದಾದ ಸ್ಪೋರ್ಟ್ಸ್ ಕಾರೊಂದು ಗಾಲಿಗಳಿಲ್ಲದೆ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕುಳಿತಿರುತ್ತದೆ. ಅದರ ಒಡೆಯ ವಾರವಿಡೀ ಶಾಲೆಯಲ್ಲೋ ಅಂಚೆ ಕಚೇರಿಯಲ್ಲೋ ದುಡಿದು, ಶನಿವಾರ ಬಂತೆಂದರೆ ಮೈಕೈಗೆಲ್ಲ ಗ್ರೀಸ್ ಬಳಿದುಕೊಂಡು ಅದರ ಕೆಳಗೆ ಮಲಗಿರುತ್ತಾನೆ. ಸತ್ತ ಎಂಜಿನ್ನನ್ನು ಕಿತ್ತು, ಇನ್ನಾವುದೋ ಕಾರಿನಿಂದ ತಂದ ಬೇರೊಂದು ಎಂಜಿನ್ನನ್ನು ಅದೇ ಒಡಲಲ್ಲಿ ಕೂರಿಸುವ ಸಾಹಸ ಆ ದೇಶದಲ್ಲಿ ಎರಡು ತಲೆಮಾರುಗಳಿಂದ ನಡೆದುಬಂದಿದೆ.

ಕಾಡು, ಹೊಳೆ, ತೋಟಗಳ ಮಾತಾಡುವ ಈ ಪುಟಗಳಲ್ಲಿ ಪರದೇಶದ ಮೋಜಿನ ಕಾರಿಗೇನು ಕೆಲಸವೆಂದು ಓದುಗರು ಹುಬ್ಬೇರಿಸಬಹುದು. ಹಳೆಯ ವಾಹನವೆಂದರೆ ಹೊಗೆಯುಗುಳುವ ಪಾಪಿ, ಹೊಸದಾಗಿ ಕೊಂಡದ್ದು ಪರಿಸರಸ್ನೇಹಿ ಎಂಬ ಸಮೀಕರಣ ಇಂದು ಶಾಲಾ ಮಕ್ಕಳ ಪ್ರಬಂಧಗಳವರೆಗೂ ಇಳಿದುಬಂದಿದೆ. ಸಮೀಕರಣ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ತೂಗಿ ನೋಡಲು ಆ ಇಟ್ಟಿಗೆಯ ಕೊಠಡಿ ಒಳ್ಳೆಯ ತಕ್ಕಡಿ. ಅಲ್ಲದೆ, ಅಲ್ಲಿ ನಿಂತ ಕಾರಿಗೂ ಮಲೆನಾಡಿನ ರಸ್ತೆಗೂ ನಿಜವಾದ ನಂಟೊಂದಿದೆ.

ಎಂಜಿಬಿ ಎಂಬ ಕಾರನ್ನೇ ಉದಾಹರಣೆಯಾಗಿ ಎತ್ತಿಕೊಳ್ಳಬಹುದು. ಆಬಿಂಗ್ಡನ್ ಪಟ್ಟಣದ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಇಂಥ ಕಾರುಗಳು 5 ಲಕ್ಷಕ್ಕೂ ಮಿಕ್ಕಿ ತಯಾರಾದವು. ತಗ್ಗಾದ ಮೈ, ಇಬ್ಬರಿಗಷ್ಟೇ ಆಸನ, ಮಡಚಿಡಬಹುದಾದ ಬಟ್ಟೆಯ ಚಾವಣಿ. ಜಿಟಿ ಎಂಬ ಇನ್ನೊಂದು ರೂಪಕ್ಕೆ ಉಕ್ಕಿನ ಚಾವಣಿ. (ಇಂದು ನಮ್ಮ ರಸ್ತೆಗಳಲ್ಲಿ ಓಡುವ ಎಂಜಿ ಕಾರುಗಳಿಗೂ ಇದಕ್ಕೂ ಹೆಸರಿನ ಹೊರತು ಹೆಚ್ಚಿನ ಸಂಬಂಧವಿಲ್ಲ, ಆ ಹೆಸರು ಈಗ ಚೀನಾದ ಕಂಪನಿಯೊಂದರ ಸ್ವತ್ತು.) ಇದರೊಳಗಿನ 1798 ಸಿಸಿಯ, ನಾಲ್ಕು ಸಿಲಿಂಡರಿನ, ಎರಕದ ಕಬ್ಬಿಣದ ಎಂಜಿನ್ನನ್ನು ‘ಬಿ ಸರಣಿ’ ಎಂದು ಕರೆಯುತ್ತಾರೆ. ಅದೇ ಸರಣಿಯ 1489 ಸಿಸಿಯ ಎಂಜಿನ್ ನಮ್ಮ ಅಂಬಾಸಡರ್ ಕಾರಿನ ಬಾನೆಟ್ಟಿನಡಿ ದಶಕಗಳ ಕಾಲ ದುಡಿಯಿತು. ತೀರ್ಥಹಳ್ಳಿಯಲ್ಲೋ ಶಿರಸಿಯಲ್ಲೋ ಅಂಬಾಸಡರಿನ ಹೆಡ್ ಬಿಚ್ಚಿ ವಾಲ್ವ್ ಉಜ್ಜಿ ಪಳಗಿದ ಹಿರಿಯ ಮೆಕ್ಯಾನಿಕ್ಕನೊಬ್ಬ ಎಂಜಿಬಿಯ ಎಂಜಿನ್ನಿನ ಮುಂದೆ ನಿಂತರೆ, ದೂರದೂರಿಗೆ ಕೊಟ್ಟ ಮಗಳ ಮನೆಗೆ ಬಂದಷ್ಟು ಪರಿಚಯ ಅವನಿಗಿರುತ್ತದೆ. ಅಂಬಾಸಡರ್ ಕೂಡ ಎಂಜಿನ್ ಕಸಿ ಕಂಡದ್ದೇ. 1990ರ ದಶಕದ ಆರಂಭದಲ್ಲಿ ಕಾರ್ಖಾನೆಯವರೇ ಅದೇ ಹಳೆಯ ಒಡಲಿಗೆ ಜಪಾನಿನ ಇಸುಜು ವಿನ್ಯಾಸದ 1.8 ಲೀಟರಿನ ಎಂಜಿನ್ ಕೂರಿಸಿ ಮಾರಿದರು. ಅದರ ಬಲದ ಮೇಲೆ ಆ ಕಾರು 2014ರವರೆಗೂ ಬದುಕಿತು.

ಎಂಜಿಬಿಯ ಕಸಿಯ ಕತೆ ಇನ್ನೂ ಸ್ವಾರಸ್ಯಕರವಾದುದು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1961ರಲ್ಲಿ ತನ್ನ ಬ್ಯೂಕ್ ಕಾರಿಗೆಂದು 3.5 ಲೀಟರಿನ, ವಿ ಆಕಾರದಲ್ಲಿ ಎಂಟು ಸಿಲಿಂಡರುಗಳನ್ನು ಜೋಡಿಸಿದ ಅಲ್ಯೂಮಿನಿಯಂ ಎಂಜಿನ್ನೊಂದನ್ನು ರೂಪಿಸಿ, ಎರಡು ಮೂರು ವರ್ಷಗಳಲ್ಲೇ ಕೈಬಿಟ್ಟಿತು. ಕೈಬಿಟ್ಟದ್ದನ್ನು 1965ರಲ್ಲಿ ಇಂಗ್ಲೆಂಡಿನ ರೋವರ್ ಕಂಪನಿ ಹಕ್ಕುಸಹಿತ ಕೊಂಡಿತು. ಮುಂದೆ ಅದು ರೋವರ್ ಕಾರುಗಳಲ್ಲೂ ರೇಂಜ್ ರೋವರಿನಲ್ಲೂ ನಾಲ್ಕು ದಶಕ ಓಡಿತು. ಅಲ್ಯೂಮಿನಿಯಂ ಆದುದರಿಂದ ಗಾತ್ರ ಇಮ್ಮಡಿಯಾದರೂ ತೂಕ ಮಾತ್ರ ಎಂಜಿಬಿಯ ಕಬ್ಬಿಣದ ಎಂಜಿನ್ನಿಗೆ ಹೆಚ್ಚುಕಡಿಮೆ ಸಮ. ಇದನ್ನು ಗಮನಿಸಿದ ಕೆನ್ ಕಾಸ್ಟೆಲೊ ಎಂಬ ಇಂಗ್ಲಿಷ್ ಕುಶಲಿ 1970ರ ದಶಕದ ಆರಂಭದಲ್ಲಿ ತನ್ನದೇ ಗ್ಯಾರೇಜಿನಲ್ಲಿ ಎಂಜಿಬಿಗೆ ಈ ಎಂಜಿನ್ ಜೋಡಿಸಿ ಮಾರತೊಡಗಿದ. ಕಾರ್ಖಾನೆ ಅವನ ಹಿಂದೆ ನಡೆಯಿತು: 1973ರಿಂದ 1976ರವರೆಗೆ ಕಂಪನಿಯೇ 2591 ಎಂಜಿಬಿ ಜಿಟಿ ವಿ-8 ಕಾರುಗಳನ್ನು ತಯಾರಿಸಿತು. ಗ್ಯಾರೇಜಿನ ಜಾಣ್ಮೆಯನ್ನು ಎಂಜಿನಿಯರುಗಳ ವಿಭಾಗ ಅನುಸರಿಸಿದ ಇಂಥ ಪ್ರಸಂಗಗಳು ಚರಿತ್ರೆಯಲ್ಲಿ ಹೆಚ್ಚಿಲ್ಲ.

ಮನೆಯಲ್ಲಿ ಈ ಕೆಲಸ ನಡೆಯುವ ಬಗೆಯನ್ನು ವಿದ್ಯಾರ್ಥಿಗಳು ತಾಳ್ಮೆಯಿಂದ ಅರಿಯಬೇಕು. ಎಂಜಿನ್ ಬದಲಾವಣೆಯೆಂದರೆ ಒಂದನ್ನು ಎತ್ತಿ ಇನ್ನೊಂದನ್ನು ಇಳಿಸುವುದೆಂದು ತಿಳಿದವರೇ ಹೆಚ್ಚು. ಎತ್ತುವುದು ಒಂದು ದಿನದ ಕೆಲಸ. ಬ್ಯಾಟರಿ ಕಳಚಿ, ನೀರು ಮತ್ತು ಆಯಿಲ್ ಬಸಿದು, ರೇಡಿಯೇಟರ್ ಬಿಚ್ಚಿ, ಪ್ರೊಪೆಲ್ಲರ್ ಶಾಫ್ಟ್ ಬೇರ್ಪಡಿಸಿ, ಚೈನ್ ಪುಲ್ಲಿಗೆ ಕಟ್ಟಿ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಓರೆಯಾಗಿ ಎತ್ತಿದರೆ ಮುಗಿಯಿತು. ವರ್ಷಗಟ್ಟಲೆ ಹಿಡಿಯುವುದು ಅದಕ್ಕೆ ಮೊದಲಿನ ಮತ್ತು ಆಮೇಲಿನ ಕೆಲಸ.

ಮೊದಲನೆಯದು ತುಕ್ಕು. ಎಂಜಿಬಿಗೆ ಜೀಪಿನಂತೆ ಪ್ರತ್ಯೇಕ ಚಾಸಿ ಇಲ್ಲ; ತಗಡಿನ ಪೆಟ್ಟಿಗೆಗಳನ್ನು ಒಂದಕ್ಕೊಂದು ಬೆಸೆದು ಮಾಡಿದ ಒಡಲೇ ಇಡೀ ಭಾರವನ್ನು ಹೊರುತ್ತದೆ. ಬಾಗಿಲುಗಳ ಕೆಳಗೆ ಉದ್ದಕ್ಕೆ ಹರಿಯುವ ಸಿಲ್ ಎಂಬ ಪೆಟ್ಟಿಗೆಯಾಕಾರದ ಭಾಗವೇ ಚಾವಣಿಯಿಲ್ಲದ ಕಾರಿನ ಬೆನ್ನುಮೂಳೆ. ಚಳಿಗಾಲದಲ್ಲಿ ಮಂಜು ಕರಗಿಸಲು ಅಲ್ಲಿನ ರಸ್ತೆಗಳಿಗೆ ಉಪ್ಪು ಚೆಲ್ಲುವುದರಿಂದ ಆ ಬೆನ್ನುಮೂಳೆ ಒಳಗಿನಿಂದಲೇ ತಿಂದುಹೋಗಿರುತ್ತದೆ. ಅದನ್ನು ಕತ್ತರಿಸುವ ಮುನ್ನ ಬಾಗಿಲಿನ ತೆರಪಿಗೆ ಅಡ್ಡಲಾಗಿ ಕಬ್ಬಿಣದ ಸರಳು ಬೆಸೆಯದಿದ್ದರೆ ಒಡಲು ನಡುವೆ ಜಗ್ಗುತ್ತದೆ. ಎಲ್ಲ ಮುಗಿದ ಮೇಲೆ ಬಾಗಿಲು ಮುಚ್ಚಲೊಲ್ಲದು. ಹೊಸ ಎಂಜಿನ್ನಿನ ಕನಸಿನಲ್ಲಿ ತುಕ್ಕನ್ನು ಮರೆತು, ಬಣ್ಣದ ಕೆಳಗೆ ಪುಟ್ಟಿ ಮೆತ್ತಿ ಮುಚ್ಚಿದವರೂ ಇದ್ದಾರೆ. ಅಂಥ ಕಾರು ರಸ್ತೆಗಿಳಿಯುವುದಕ್ಕಿಂತ ಗುಜರಿಗೆ ಹೋಗುವುದೇ ಲೇಸು. ಎಂಜಿಬಿಯ ಅದೃಷ್ಟವೆಂದರೆ, ಹಳೆಯ ಅಚ್ಚುಗಳನ್ನೇ ಬಳಸಿ 1988ರಿಂದ ಸಂಪೂರ್ಣ ಹೊಸ ಒಡಲನ್ನೇ ತಯಾರಿಸಿ ಮಾರುವ ವ್ಯವಸ್ಥೆ ಬ್ರಿಟನ್ನಿನಲ್ಲಿ ಮೂಡಿತು. ಕಾರ್ಖಾನೆ ಮುಚ್ಚಿ ಎಂಟು ವರ್ಷಗಳ ಮೇಲೆ! ಹತ್ತು ವರ್ಷ ಹಳೆಯ ಮಿಕ್ಸರಿಗೂ ಜಾರು ಸಿಗದ ನಮ್ಮ ಪೇಟೆಗಳ ಗ್ರಾಹಕನಿಗೆ ಇದು ಪುರಾಣದಂತೆ ಕೇಳಿಸೀತು.

ಎರಡನೆಯದು ಹೊಂದಾಣಿಕೆ. ಮಲೆನಾಡಿನ ಬೆಳೆಗಾರರಿಗೆ ಇದನ್ನು ಕಾಳುಮೆಣಸಿನ ಕಸಿಯ ಮೂಲಕ ಹೇಳುವುದು ಸುಲಭ. ಸೊರಗುರೋಗ ತಡೆಯುವ ಬ್ರೆಜಿಲ್ ಹಿಪ್ಪಲಿಯ ಬುಡಕ್ಕೆ ಮೆಣಸಿನ ಕುಡಿ ಕಟ್ಟಿದಾಗ ಎರಡು ತಿಂಗಳಲ್ಲಿ ಚಿಗುರು ಬಂದೀತು. ಬುಡಕ್ಕೆ ಬೇಕಾದಷ್ಟು ತೇವ ಸಿಗದಿದ್ದರೆ, ಕಸಿಗಂಟು ಮೇಲಿನ ಬೆಳವಣಿಗೆಗೆ ಸರಿಜೋಡಿಯಾಗದಿದ್ದರೆ, ಕೆಲವು ವರ್ಷಗಳ ನಂತರ ತುಂಬು ಫಸಲಿನ ಬಳ್ಳಿಯೇ ಕುಸಿಯುತ್ತದೆ. ಎಂಜಿನ್ ಚಾಲೂ ಆದದ್ದೇ ಗೆಲುವೆಂದು ಬಗೆಯುವವನ ಪಾಡೂ ಅದೇ. ಬಲ ಹೆಚ್ಚಿದಂತೆ ಶಾಖ ಹೆಚ್ಚುತ್ತದೆ. ರೇಡಿಯೇಟರನ್ನು ಮುಂದಕ್ಕೆ ಸರಿಸಿ ವಿದ್ಯುತ್ ಫ್ಯಾನುಗಳನ್ನು ಜೋಡಿಸಬೇಕು. ಹೊಗೆ ಕೊಳವೆ ಸ್ಟಿಯರಿಂಗ್ ದಂಡಕ್ಕೆ ತಾಗುತ್ತದೆ. ಅದಕ್ಕಾಗಿ ಚಕ್ರದ ಒಳಮಗ್ಗುಲಿನ ತಗಡನ್ನೇ ಕೊರೆದು ದಾರಿ ಮಾಡುವವರುಂಟು. ವೇಗ ಹೆಚ್ಚುವುದರಿಂದ ಬ್ರೇಕಿನ ಡಿಸ್ಕು ದಪ್ಪನಾಗಬೇಕು. ಹಿಂದಿನ ಡಿಫರೆನ್ಷಿಯಲ್ಲಿನ ಹಲ್ಲುಗಳ ಲೆಕ್ಕವೂ ಬದಲಾಗಬೇಕು: ಮೂಲ ಎಂಜಿಬಿಯಲ್ಲಿ ಗಾಲಿ ಒಂದು ಸುತ್ತು ಸುತ್ತಲು ಶಾಫ್ಟು 3.9 ಸುತ್ತು ತಿರುಗಿದರೆ, ಕಂಪನಿಯ ವಿ-8 ಕಾರಿನಲ್ಲಿ 3.07 ಸುತ್ತು ಸಾಕು. ಬಲಶಾಲಿ ಎಂಜಿನ್ ನಿಧಾನವಾಗಿ ತಿರುಗುತ್ತಲೇ ಅದೇ ವೇಗ ಕೊಡುತ್ತದೆ, ಇಂಧನವೂ ಉಳಿಯುತ್ತದೆ. ಎಂಜಿನ್ ಬದಲಿಸಿ ಡಿಫರೆನ್ಷಿಯಲ್ ಬದಲಿಸದವನು ಆ ಉಳಿತಾಯವನ್ನು ಕಳೆದುಕೊಳ್ಳುತ್ತಾನೆ.

ಇಷ್ಟೆಲ್ಲ ಶ್ರಮ ಎಂಟು ಸಿಲಿಂಡರಿನ ಗುಡುಗಿಗಾಗಿ ಎಂದರೆ, ಪರಿಸರದ ದೃಷ್ಟಿಯಿಂದ ಅದರಲ್ಲಿ ಹೊಗಳುವಂಥದ್ದು ಏನೂ ಇಲ್ಲ. ಗೌರವಕ್ಕೆ ಹೆಚ್ಚು ಅರ್ಹರಾದವರು ಇನ್ನೊಂದು ಗುಂಪಿನವರು. ಅವರು ಎಂಜಿಬಿಗೆ 1990ರ ದಶಕದ ನಾಲ್ಕು ಸಿಲಿಂಡರಿನ, ಕಾರ್ಬ್ಯುರೇಟರ್ ಬದಲು ಇಂಧನ ಇಂಜೆಕ್ಷನ್ ಇರುವ ಎಂಜಿನ್ ಹೊಂದಿಸುತ್ತಾರೆ. ಅಂಥ ಎಂಜಿನ್ನಿಗೆ ಅದರ ಕಂಪ್ಯೂಟರ್ ಪೆಟ್ಟಿಗೆ, ವೈರುಗಳ ಜಡೆ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸೆನ್ಸರ್, ವಿಷಾನಿಲಗಳನ್ನು ತಟಸ್ಥಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲವೂ ಒಟ್ಟಿಗೆ ಬರಬೇಕು. ಆಗ ಹಳೆಯ ಕಾರು ಉಗುಳುತ್ತಿದ್ದ ಕಾರ್ಬನ್ ಮೊನಾಕ್ಸೈಡ್ ಮತ್ತು ಅರೆಬೆಂದ ಇಂಧನದ ಆವಿ ಬಹುಪಾಲು ಇಳಿಯುತ್ತವೆ. ಕನ್ವರ್ಟರನ್ನು ಕಿತ್ತೊಗೆದು ಉಳಿದದ್ದನ್ನಷ್ಟೇ ಜೋಡಿಸಿದರೂ ಕಾರು ಓಡುತ್ತದೆ ಎಂಬುದೇ ತೊಡಕು. ಹಳೆಯ ಕಾರನ್ನು ಅದು ಹುಟ್ಟಿದ ಕಾಲದ ಮಾನದಂಡದಿಂದ ಅಳೆಯುವುದು ಬ್ರಿಟನ್ನಿನ ಪದ್ಧತಿಯಾದ್ದರಿಂದ, ಇದನ್ನು ಒಡೆಯನ ಆತ್ಮಸಾಕ್ಷಿಗೆ ಬಿಟ್ಟಂತಾಗಿದೆ.

ಇಂಧನದ ಕುರಿತೂ ಒಂದು ಮಾತು. ಹಳೆಯ ಕಬ್ಬಿಣದ ಹೆಡ್ಡುಗಳಲ್ಲಿ ವಾಲ್ವ್ ಕೂರುವ ಅಂಚು ಸವೆಯದಂತೆ ಕಾಯುತ್ತಿದ್ದುದು ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ. ಮಕ್ಕಳ ಮಿದುಳಿಗೆ ಮಾರಕವಾದ ಆ ಸೀಸವನ್ನು ಭಾರತ, ಬ್ರಿಟನ್ ಎರಡೂ 2000ದ ಹೊತ್ತಿಗೆ ಪೆಟ್ರೋಲಿನಿಂದ ಹೊರಹಾಕಿದವು. ಹಳೆಯ ಹೆಡ್ಡಿಗೆ ಗಟ್ಟಿ ಉಕ್ಕಿನ ಉಂಗುರ ಕೂರಿಸಿದರೆ ಸೀಸವಿಲ್ಲದೆಯೂ ಅದು ನಡೆಯುತ್ತದೆ. ಸಾಮಾನ್ಯ ಲೇತ್ ಅಂಗಡಿಯಲ್ಲಿ ಆಗುವ ಕೆಲಸವಿದು. ಈಗ ಬಂದಿರುವುದು ಎಥನಾಲ್. ಬ್ರಿಟನ್ನಿನಲ್ಲಿ 2021ರಿಂದ ಶೇ. 10, ಭಾರತದಲ್ಲಿ 2025ರ ಹೊತ್ತಿಗೆ ಶೇ. 20ರಷ್ಟು ಬೆರಕೆ ಸಾಮಾನ್ಯವಾಗಿದೆ. ಹಳೆಯ ರಬ್ಬರ್ ಕೊಳವೆಗಳನ್ನು ಅದು ಮೆತ್ತಗಾಗಿಸಿ ಬಿರಿಯುವಂತೆ ಮಾಡುವುದರಿಂದ ಅವನ್ನೆಲ್ಲ ಬದಲಿಸದೆ ವಿಧಿಯಿಲ್ಲ. (ಕಬ್ಬು ಮತ್ತು ಮೆಕ್ಕೆಜೋಳವನ್ನು ಇಂಧನದ ಟ್ಯಾಂಕಿಗೆ ಸುರಿಯುವುದು ನೀರು ಮತ್ತು ನೆಲದ ಲೆಕ್ಕದಲ್ಲಿ ಎಷ್ಟು ಸರಿಯೆಂಬುದು ಬೇರೆಯದೇ ಚರ್ಚೆ, ಅಷ್ಟು ಹಸಿರೆಂದು ಆ ಇಂಧನವನ್ನು ಹಾಡಿಹೊಗಳುವುದನ್ನು ಬೇಸಾಯ ಬಲ್ಲವರು ಒಪ್ಪಲಾರರು.)

ಇನ್ನು ಮುಖ್ಯವಾದ ಲೆಕ್ಕ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹಳೆಯ ಕಾರು ಲೀಟರಿಗೆ 9 ಕಿ.ಮೀ. ಓಡುತ್ತದೆ, ಅದರ ಬದಲು ಕೊಳ್ಳಬಹುದಾದ ಹೊಸ ಕಾರು 18 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳೋಣ. ಹವ್ಯಾಸಿಗಳ ಕಾರು ವರ್ಷಕ್ಕೆ 1500 ಕಿ.ಮೀ. ಓಡಿದರೆ ಹಳೆಯದರಿಂದ ಸುಮಾರು 380 ಕಿಲೋ, ಹೊಸದರಿಂದ 190 ಕಿಲೋ. ಅಂದರೆ ಹೊಸದನ್ನು ಕೊಂಡರೆ ವರ್ಷಕ್ಕೆ ಉಳಿಯುವುದು 190 ಕಿಲೋ. ಆದರೆ ಹೊಸ ಕಾರೊಂದನ್ನು ತಯಾರಿಸಲು ಅದಿರು ಅಗೆಯುವುದರಿಂದ ಹಿಡಿದು ಬಣ್ಣ ಬಳಿಯುವವರೆಗೆ ಹಲವು ಟನ್ ಡೈಆಕ್ಸೈಡ್ ಆಗಲೇ ಬಾನಿಗೇರಿರುತ್ತದೆ. ಆರು ಟನ್ ಎಂದೇ ಹಿಡಿದರೂ ಆ ಸಾಲ ತೀರಲು ಮೂವತ್ತು ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಹೊಸದೆಂದು ಕೊಂಡ ಕಾರೇ ಗುಜರಿ ಸೇರಿರುತ್ತದೆ.

ಅದೇ ಹಳೆಯ ಕಾರನ್ನು ದಿನನಿತ್ಯ ಪೇಟೆಗೆ ಓಡಿಸಿ ವರ್ಷಕ್ಕೆ 15,000 ಕಿ.ಮೀ. ಮಾಡಿದರೆ ಲೆಕ್ಕ ಪೂರ್ತಿ ತಿರುಗುತ್ತದೆ. ಆಗ ವರ್ಷಕ್ಕೆ 1900 ಕಿಲೋ ವ್ಯತ್ಯಾಸ. ಸಾಲ ಮೂರು ವರ್ಷದಲ್ಲೇ ತೀರುತ್ತದೆ. ಅಂಥವನು ಹಳೆಯ ಕಾರನ್ನು ಹಿಡಿದುಕೊಂಡಿದ್ದರೆ ಅದನ್ನು ಸಂರಕ್ಷಣೆ ಎನ್ನಲಾಗದು. ವಾಹನದ ವಯಸ್ಸು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬರುವುದು ಎಷ್ಟು ಓಡುತ್ತದೆ, ಎಷ್ಟು ಕುಡಿಯುತ್ತದೆ ಎಂಬುದಷ್ಟೇ. ಹೊಗೆಯ ವಿಷ ಇದರಿಂದ ಪ್ರತ್ಯೇಕವಾದ ಲೆಕ್ಕ. ಅದನ್ನು ತಪಾಸಣೆಯಿಂದ ಅಳೆಯಬೇಕೇ ಹೊರತು ಜನ್ಮದಿನಾಂಕದಿಂದಲ್ಲ. ಬ್ರಿಟನ್ ಈ ವಿಷಯದಲ್ಲಿ ಎಡವಿದೆ. ನಲವತ್ತು ವರ್ಷ ದಾಟಿದ, ಹೆಚ್ಚಿನ ಮಾರ್ಪಾಟಿಗೆ ಒಳಗಾಗದ ಕಾರುಗಳಿಗೆ ವಾರ್ಷಿಕ ತಪಾಸಣೆಯಿಂದಲೇ 2018ರಲ್ಲಿ ವಿನಾಯಿತಿ ಕೊಟ್ಟಿತು. ಮುದಿಯಾದದ್ದಕ್ಕೆ ಶಿಕ್ಷಿಸುವುದು ಹೇಗೆ ಅವಿವೇಕವೋ, ಮುದಿಯಾದದ್ದಕ್ಕೇ ಮನ್ನಿಸುವುದೂ ಹಾಗೆಯೇ.

ವಿದ್ಯುತ್ ಮೋಟಾರಿನ ಕಸಿಯೂ ಈಚೆಗೆ ಬಂದಿದೆ. ಎಂಜಿಬಿಯಂಥ ಹಳೆಯ ಕಾರುಗಳಿಗೆ ಬ್ಯಾಟರಿ, ಮೋಟಾರು ಹೂಡಿಕೊಡುವ ಗ್ಯಾರೇಜುಗಳು ಬ್ರಿಟನ್ನಿನಲ್ಲಿವೆ. ಹೊಗೆಯಿಲ್ಲ, ಸದ್ದಿಲ್ಲ. ವರ್ಷಕ್ಕೆ ಸಾವಿರ ಚಿಲ್ಲರೆ ಕಿ.ಮೀ. ಓಡುವ ಕಾರಿಗೆ ಅಷ್ಟು ದೊಡ್ಡ ಬ್ಯಾಟರಿಯನ್ನು ಮೀಸಲಿಡುವುದು ಮಾತ್ರ, ದೀಪಾವಳಿಗಷ್ಟೇ ಬರುವ ನೆಂಟರಿಗಾಗಿ ಮಹಡಿ ಕಟ್ಟಿಸಿದಂತೆ. ಅದೇ ಬ್ಯಾಟರಿ ದಿನವೂ ಓಡುವ ಬಾಡಿಗೆ ಆಟೋಗಳಲ್ಲಿದ್ದರೆ ಹತ್ತಾರು ಪಟ್ಟು ಹೆಚ್ಚು ಪೆಟ್ರೋಲ್ ಉಳಿಸೀತು.

ಮನೆಯ ಗ್ಯಾರೇಜಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮರೆಮಾಚುವ ಕೊಳೆಯೊಂದಿದೆ. ಎಂಜಿನ್ ಬಿಚ್ಚಿದಾಗ ನಾಲ್ಕೈದು ಲೀಟರ್ ಕಪ್ಪು ಆಯಿಲ್, ಗೇರ್ ಆಯಿಲ್, ಬ್ರೇಕ್ ದ್ರವ, ರೇಡಿಯೇಟರಿನ ಕೂಲೆಂಟ್ ಹೊರಬರುತ್ತವೆ. ಬಳಸಿದ ಆಯಿಲ್‌ನಲ್ಲಿ ಸವೆದ ಲೋಹಗಳ ಕಣಗಳೂ ಕ್ಯಾನ್ಸರ್‌ಕಾರಕ ಸಂಯುಕ್ತಗಳೂ ಇರುತ್ತವೆ. ಭಾರತದ 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಮಣ್ಣಿಗೆ ಬಿದ್ದರೆ ಕಣಗಳಿಗೆ ಜಿಡ್ಡಿನ ಪೊರೆ ಕಟ್ಟಿ ನೀರು ಇಂಗದಂತೆ, ಗಾಳಿಯಾಡದಂತೆ ಮಾಡುತ್ತದೆ. ಕೂಲೆಂಟಿನಲ್ಲಿರುವ ಇಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ. ನೆಕ್ಕಿದ ನಾಯಿ, ಕರುಗಳ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಹಳೆಯ ಕಾರಿನ ಬ್ರೇಕ್ ಮತ್ತು ಕ್ಲಚ್ಚಿನ ಲೈನಿಂಗ್‌ನಲ್ಲಿ ಕಲ್ನಾರು ಇರುವ ಸಂಭವವಿದೆ. ಅದರ ಧೂಳನ್ನು ಗಾಳಿ ಊದಿ ಹಾರಿಸುವುದು ಶ್ವಾಸಕೋಶಕ್ಕೆ ತಾನೇ ವಿಷವಿಕ್ಕಿದಂತೆ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಬ್ರಿಟನ್ನಿನ ಊರುಗಳಲ್ಲಿ ಸ್ಥಳೀಯ ಸಂಸ್ಥೆಯ ಕಸದ ಕೇಂದ್ರಕ್ಕೆ ಹಳೆಯ ಆಯಿಲ್ಲನ್ನು ಒಯ್ದು ಸುರಿಯುವ ವ್ಯವಸ್ಥೆಯಿದೆ. ನಮ್ಮ ಹಳ್ಳಿಗಳಲ್ಲಿ ಅದು ಗೆದ್ದಲು ಹತ್ತದಿರಲೆಂದು ಬೇಲಿಯ ಗೂಟಗಳಿಗೆ ಬಳಿಯಲ್ಪಡುತ್ತದೆ. ಉಳಿದದ್ದು ಶೆಡ್ಡಿನ ಹಿಂದಿನ ಚರಂಡಿಗೆ, ಮೊದಲ ಮಳೆಗೆ ಹಳ್ಳಕ್ಕೆ. ಹಳೆಯದನ್ನು ಉಳಿಸುವುದರ ಪರ ವಾದಿಸುವವರು ಈ ಹಳ್ಳದ ನೀರಿಗೂ ಉತ್ತರ ಹೇಳಬೇಕಾಗುತ್ತದೆ.

ಈಗ ಕಾನೂನಿನ ಮಾತು. ಬದಲಿ ಭಾಗಗಳ ಕಾರನ್ನು ಹಳೆಯ ನೋಂದಣಿಯಲ್ಲೇ ಮುಂದುವರಿಸಬಹುದೇ ಎಂದು ನಿರ್ಧರಿಸಲು ಬ್ರಿಟನ್ನಿನ ನೋಂದಣಿ ಇಲಾಖೆ ದೀರ್ಘಕಾಲ ಅನುಸರಿಸಿದ ಅಂಕಗಳ ಪದ್ಧತಿಯೊಂದಿತ್ತು. ಒಡಲು ಅಥವಾ ಚಾಸಿಗೆ 5 ಅಂಕ. ಸಸ್ಪೆನ್ಷನ್, ಅಚ್ಚು, ಗೇರ್‌ಬಾಕ್ಸ್, ಸ್ಟಿಯರಿಂಗ್‌ಗೆ ತಲಾ 2. ಎಂಜಿನ್ನಿಗೆ ಕೇವಲ 1. ಒಟ್ಟು 8 ಅಂಕ ಉಳಿದಿದ್ದರೆ ಕಾರು ತನ್ನ ಗುರುತನ್ನು ಉಳಿಸಿಕೊಳ್ಳುತ್ತಿತ್ತು. ಎಂಜಿನ್ ಬದಲಾದರೂ ಕಾರು ಅದೇ ಕಾರು, ಒಡಲನ್ನು ಕತ್ತರಿಸಿದರೆ ಬೇರೆ ಎಂಬ ವಿವೇಕ ಅಲ್ಲಿತ್ತು. ಹೊಸ ಎಂಜಿನ್ನಿನ ಸಂಖ್ಯೆಯನ್ನು ದಾಖಲೆಯಲ್ಲಿ ತಿದ್ದಿಸಿ, ವಿಮಾ ಕಂಪನಿಗೆ ತಿಳಿಸಿದರೆ ಸಾಕಾಗುತ್ತಿತ್ತು.

ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬೇರೆಯೇ ದಾರಿ ಹಿಡಿದಿದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ಮಾದರಿಯ ಎಂಜಿನ್ನಾದರೆ ಅನುಮತಿ ಪಡೆದು ಬದಲಿಸಬಹುದು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗಳ ಅನುಮೋದಿತ ಕಿಟ್ ಆದರೆ ಜೋಡಿಸಬಹುದು. ಹೊಗೆಯುಗುಳುವ ಮುದಿ ಡೀಸೆಲ್ ತೆಗೆದು, ಬೇರೆ ಕಂಪನಿಯ ಶುದ್ಧತರ ಎಂಜಿನ್ನನ್ನು ಮನೆಯಂಗಳದಲ್ಲಿ ಕೂರಿಸಿ, ತಪಾಸಣೆಗೆ ಒಡ್ಡಿ ‘ಪರೀಕ್ಷಿಸಿ ನೋಡಿ’ ಎನ್ನುವವನಿಗೆ ದಾರಿಯಿಲ್ಲ. ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ‘ವಿಂಟೇಜ್’ ನೋಂದಣಿ ಬಂದರೂ, ಮೂಲರೂಪದಲ್ಲೇ ಇರಬೇಕು, ಗಣನೀಯ ಮಾರ್ಪಾಟು ಆಗಿರಬಾರದು, ನಿತ್ಯದ ಓಡಾಟಕ್ಕೆ ಬಳಸಬಾರದು ಎಂಬ ಷರತ್ತುಗಳಿವೆ. ಅರಮನೆಗಳ ಕಾರುಗಳಿಗೆ ಹೇಳಿ ಮಾಡಿಸಿದ ನಿಯಮವದು.

ನಿಷೇಧಕ್ಕೆ ಕಾರಣಗಳಿಲ್ಲವೆಂದಲ್ಲ. ಕದ್ದ ವಾಹನದ ಎಂಜಿನ್ ಇನ್ನೊಂದರಲ್ಲಿ ಮರೆಯಾಗುತ್ತದೆ. ಬ್ರೇಕ್ ಬದಲಿಸದೆ ಬಲವನ್ನಷ್ಟೇ ಹೆಚ್ಚಿಸಿದ ವಾಹನ ಆಗುಂಬೆಯ ತಿರುವುಗಳಲ್ಲಿ ಎಷ್ಟು ಜೀವಗಳಿಗೆ ಸಂಚಕಾರವೆಂದು ಹೇಳಬೇಕಾಗಿಲ್ಲ. ಆದರೆ ಮಲೆನಾಡಿನಲ್ಲಿ ನಿಜವಾಗಿ ಏನು ನಡೆಯಿತೆಂಬುದನ್ನೂ ನೋಡಬೇಕು. ಬಸ್ಸು ಕಾಣದ ಹಳ್ಳಿಗಳಿಂದ ಅಡಿಕೆ ಗೊನೆ, ಗೊಬ್ಬರ, ಹೆರಿಗೆ ನೋವಿನ ಹೆಂಗಸರು, ಹೊಳೆ ದಾಟಬೇಕಾದ ಶಾಲಾ ಮಕ್ಕಳು ಎಲ್ಲರನ್ನೂ ಹೊತ್ತದ್ದು ಹಳೆಯ ಜೀಪುಗಳು. ಪೆಟ್ರೋಲಿನ ದಾಹ ತಾಳಲಾರದೆ ಅವಕ್ಕೆ ಡೀಸೆಲ್ ಎಂಜಿನ್ ಕೂರಿಸಿದ ಮೆಕ್ಯಾನಿಕ್ಕರು ಪ್ರತಿ ಪೇಟೆಯಲ್ಲೂ ಇದ್ದರು. ಮೌಂಟಿಂಗ್ ಅಳೆದು ಬೆಸೆದದ್ದು, ಶಾಫ್ಟ್ ಕತ್ತರಿಸಿ ಸರಿದೂಗಿಸಿದ್ದು ಅವರೇ. ಇಂಗ್ಲೆಂಡಿನ ಹವ್ಯಾಸಿ ಪುಸ್ತಕ ಓದಿ ಕಲಿತದ್ದನ್ನು ಇವರು ಹೊಟ್ಟೆಪಾಡಿಗಾಗಿ ಕಲಿತರು. ಒಬ್ಬನ ಕೆಲಸ ಪರಂಪರೆಯ ಸಂರಕ್ಷಣೆಯೆನಿಸಿತು, ಇನ್ನೊಬ್ಬನದು ಅಕ್ರಮ ಮಾರ್ಪಾಟು ಎನಿಸಿತು.

ಕದ್ದುಮುಚ್ಚಿ ನಡೆಯುವ ಕೆಲಸಕ್ಕೆ ತಪಾಸಣೆಯೂ ಇಲ್ಲ, ಉತ್ತರದಾಯಿತ್ವವೂ ಇಲ್ಲ. ಬ್ರೇಕ್ ಸರಿಯಿದೆಯೇ ಎಂದು ಯಾರೂ ಕೇಳುವುದಿಲ್ಲ; ಹೊಗೆ ಅಳೆಯುವುದಿಲ್ಲ; ಬಸಿದ ಆಯಿಲ್ ಎಲ್ಲಿ ಹೋಯಿತೆಂದು ವಿಚಾರಿಸುವುದಿಲ್ಲ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಯೊಂದಿಗೆ ನವೀಕರಣಗೊಳ್ಳುವ ಕ್ರಮ ಈಗಾಗಲೇ ಇದೆ. 2021ರ ಗುಜರಿ ನೀತಿಯಡಿ ಯಂತ್ರಚಾಲಿತ ತಪಾಸಣಾ ಕೇಂದ್ರಗಳು ತೆರೆಯುತ್ತಿವೆ. ಆ ನೀತಿಯೂ ಕಾಗದದ ಮೇಲೆ ಖಾಸಗಿ ವಾಹನವನ್ನು ವಯಸ್ಸಿನಿಂದಷ್ಟೇ ಕೊಲ್ಲುವುದಿಲ್ಲ. ತಪಾಸಣೆಯಲ್ಲಿ ಸೋತದ್ದನ್ನು ಗುಜರಿಗೆ ಕಳಿಸು ಎನ್ನುತ್ತದೆ. ಅದೇ ಕೇಂದ್ರಗಳಲ್ಲಿ ಎಂಜಿನ್ ಬದಲಿಸಿದ ವಾಹನವನ್ನು ಒಂದೊಂದಾಗಿ ಪರೀಕ್ಷಿಸಲು ಅಡ್ಡಿಯೇನಿದೆ? ಎಂಜಿನ್ ಕೊಂಡ ರಸೀದಿ, ಅದರ ಸಂಖ್ಯೆ, ಬ್ರೇಕಿನ ಬಲ, ಬೆಸುಗೆಯ ಗಟ್ಟಿತನ, ಹೊಗೆಯ ಪ್ರಮಾಣ ನೋಡಿ, ಬಸಿದ ಆಯಿಲ್ಲನ್ನು ಪರವಾನಗಿ ಪಡೆದ ಸಂಗ್ರಾಹಕನಿಗೆ ಕೊಟ್ಟ ಚೀಟಿಯನ್ನೂ ಕೇಳಿ, ಹೊಸ ಎಂಜಿನ್ ಹುಟ್ಟಿದ ಕಾಲದ ಮಾನದಂಡಕ್ಕೆ ಹೊಗೆ ತೇರ್ಗಡೆಯಾದರೆ ದಾಖಲೆಯಲ್ಲಿ ನಮೂದಿಸಲಿ, ಇಲ್ಲವಾದರೆ ನಿರಾಕರಿಸಲಿ. ಜಿಲ್ಲೆಯ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಆ ತಪಾಸಣೆಯಲ್ಲಿ ಕೈಜೋಡಿಸುವ ಅವಕಾಶ ಸಿಕ್ಕರೆ, ಹಿರಿಯ ಮೆಕ್ಯಾನಿಕ್ಕರ ವಿದ್ಯೆ ಅವರೊಂದಿಗೇ ಮಣ್ಣಾಗುವುದೂ ತಪ್ಪೀತು.

ಹೊಸ ವಾಹನ ಮಾರುವವರಿಗೆ ಇಂಥ ದಾರಿ ರುಚಿಸದು. ತೆರಿಗೆ ಬರುವುದೂ ಹೊಸ ವಾಹನದಿಂದಲೇ. ಬ್ರಿಟನ್ನಿನಲ್ಲೂ ಹಳೆಯ ಕಾರಿನವರ ಹಕ್ಕು ತಾನಾಗಿ ಬಂದದ್ದಲ್ಲ. ಅವರ ಸಂಘಗಳು ನಿಯಮವೊಂದೊಂದರ ಕರಡಿಗೂ ಆಕ್ಷೇಪಣೆ ಬರೆದು ಉಳಿಸಿಕೊಂಡದ್ದು. ನಮ್ಮಲ್ಲೂ ಮೋಟಾರು ವಾಹನ ನಿಯಮಗಳ ಕರಡು ತಿದ್ದುಪಡಿ ಪ್ರಕಟವಾದಾಗ ಸಾರ್ವಜನಿಕರ ಆಕ್ಷೇಪಣೆಗೆ ಸಾಮಾನ್ಯವಾಗಿ ಮೂವತ್ತು ದಿನಗಳ ಅವಧಿ ಇರುತ್ತದೆ. ಗಣಿಗಾರಿಕೆ, ಅಣೆಕಟ್ಟುಗಳ ಕರಡಿಗೆ ಆಕ್ಷೇಪಣೆ ಬರೆದು ಅಭ್ಯಾಸವಿರುವ ಮಲೆನಾಡಿಗರು ಈ ಕರಡುಗಳನ್ನು ತೆರೆದು ನೋಡಿದ್ದು ಕಡಿಮೆ.

ಎಂಜಿಬಿಯಿಂದ ಕಿತ್ತ ಆ ಕಬ್ಬಿಣದ ಎಂಜಿನ್ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಬಿರುಕು ಬಿಡದಿದ್ದರೆ ಅದನ್ನು ಯಾರೂ ಗುಜರಿಗೆ ಹಾಕುವುದಿಲ್ಲ. ಸಿಲಿಂಡರುಗಳೊಳಗೆ ಎಣ್ಣೆ ಬಿಟ್ಟು, ತೂತುಗಳಿಗೆ ಬಟ್ಟೆ ತುರುಕಿ, ಕೊಠಡಿಯ ಮೂಲೆಯಲ್ಲಿ ಮರದ ಹಲಗೆಯ ಮೇಲೆ ಇಡುತ್ತಾರೆ. ಮುಂದಿನ ಒಡೆಯ ಕಾರನ್ನು ಮೊದಲಿನಂತೆ ಮಾಡಬಯಸಿದರೆ ಇರಲಿ ಎಂದು. ಇಲ್ಲವೇ ಇನ್ನೊಂದು ಎಂಜಿಬಿಯ ಒಡೆಯ ಬಂದು, ಅದರ ಹೆಡ್ಡನ್ನೋ ಕ್ರ್ಯಾಂಕನ್ನೋ ಕೊಂಡು ಗಾಡಿಗೆ ಹೇರಿಕೊಂಡು ಹೋಗುತ್ತಾನೆ.